24ರ ಟೈಮ್‌ಲೈನ್, 110 ಚಿತ್ರ: ಕೈಯಲ್ಲಿ ಬರೆದ ಅನಿಮೇಶನ್ ದೃಶ್ಯವೊಂದರ ಕೆಲಸದ ಟಿಪ್ಪಣಿ

ಕಟ್ಟಬೇಕಾದದ್ದು 16 ಸೆಕೆಂಡಿನ ಒಂದು ದೃಶ್ಯ. ಕೊಡೆ ಹಿಡಿದ ಹುಡುಗಿ ಎಡಗಡೆಯಿಂದ ನಡೆದು ಬರುತ್ತಾಳೆ. ಕ್ಯಾಮೆರಾ ಅವಳ ಜೊತೆ ಸ್ವಲ್ಪ ದೂರ ಸಾಗುತ್ತದೆ. ಗಾಳಿ ಬೀಸಿ ಕೊಡೆ ಮೇಲ್ಮುಖವಾಗಿ ಮಗುಚಿಕೊಳ್ಳುತ್ತದೆ. ಅವಳು ಒಂದು ಮಾತಾಡಿ ಓಡಿಹೋಗುತ್ತಾಳೆ. ಪರದೆಯ ಅಳತೆ 1920 x 1080 ಪಿಕ್ಸೆಲ್, ಹುಡುಗಿಯ ಎತ್ತರ ಸುಮಾರು 360 ಪಿಕ್ಸೆಲ್. ಚಿತ್ರ ಬರೆಯಲು ಕ್ರಿಟಾ, ಕ್ಯಾಮೆರಾ ಚಲನೆಗೆ ಬ್ಲೆಂಡರ್ ಅಥವಾ ಓಪನ್‌ಟೂನ್ಸ್, ಕೊನೆಯಲ್ಲಿ ವಿಡಿಯೊ ಮಾಡಲು ಎಫ್‌ಎಫ್‌ಎಂಪೆಗ್. ಬೇರೆ ಸಾಫ್ಟ್‌ವೇರ್ ಬಳಸುವವರಿಗೂ ಲೆಕ್ಕವೆಲ್ಲ ಇದೇ, ಮೆನು ಮಾತ್ರ ಬೇರೆ.

ಮೊದಲ ಗೆರೆ ಎಳೆಯುವ ಮುಂಚೆಯೇ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಓಡಬೇಕೆಂಬುದು, ಗೊತ್ತಾಗಿರಬೇಕು. ಈ ದೃಶ್ಯಕ್ಕೆ ಅದು 24. ಆಮೇಲೆ ಬದಲಿಸಿದರೆ ಹೆಚ್ಚಿನ ಸಾಫ್ಟ್‌ವೇರ್‌ಗಳು ಚಿತ್ರಗಳನ್ನು ಸರಿಸಿ ಕೂರಿಸುವುದಿಲ್ಲ. ಕೀಗಳು (ಟೈಮ್‌ಲೈನಿನಲ್ಲಿ ಹೊಸ ಚಿತ್ರ ಅಥವಾ ಹೊಸ ಜಾಗವನ್ನು ಗೊತ್ತುಮಾಡುವ ಗುರುತುಗಳು) ಅದೇ ಫ್ರೇಮ್ ನಂಬರಿನಲ್ಲಿ ಉಳಿದು ಆಟದ ವೇಗ ಮಾತ್ರ ಬದಲಾಗುತ್ತದೆ. ಧ್ವನಿ ಸೆಕೆಂಡಿನ ಲೆಕ್ಕದಲ್ಲಿ ಓಡುವುದರಿಂದ ಅದು ಇದ್ದಲ್ಲೇ ಇರುತ್ತದೆ, ಚಿತ್ರ ಹಿಂದೆ ಮುಂದೆ ಆಗುತ್ತದೆ. ಬ್ಲೆಂಡರ್, ಕ್ರಿಟಾ ಎರಡರಲ್ಲೂ ಹೀಗೇ.

ಟೈಮ್‌ಲೈನಿನ ಲೆಕ್ಕ, ಚಿತ್ರದ ಲೆಕ್ಕ

ಹೊಸಬರ ಗೊಂದಲ ಶುರುವಾಗುವುದೇ ಇಲ್ಲಿ. 24 ಅಂದ ತಕ್ಷಣ ಸೆಕೆಂಡಿಗೆ 24 ಚಿತ್ರ ಬರೆಯಬೇಕು ಎಂದುಕೊಂಡು, ಕೈಸೋತು, ಪ್ರಾಜೆಕ್ಟನ್ನು 12ಕ್ಕೆ ಇಳಿಸುತ್ತಾರೆ. ಫ್ರೇಮ್ ರೇಟ್ ತಾಳದ ಮಾತ್ರೆಗಳಿದ್ದ ಹಾಗೆ: ಪ್ರತಿ ಮಾತ್ರೆಗೂ ಒಂದು ಸ್ವರ ಹಾಡಲೇಬೇಕೆಂದಿಲ್ಲ. ಒಂದು ಚಿತ್ರವನ್ನು ಒಂದೇ ಫ್ರೇಮ್ ಹಿಡಿದರೆ ಒನ್ಸ್, ಎರಡು ಫ್ರೇಮ್ ಹಿಡಿದರೆ ಟೂಸ್, ಮೂರಾದರೆ ಥ್ರೀಸ್. 24ರ ಟೈಮ್‌ಲೈನಿನಲ್ಲಿ ಟೂಸ್ ಅಂದರೆ ಸೆಕೆಂಡಿಗೆ 12 ಚಿತ್ರ, ಥ್ರೀಸ್ ಅಂದರೆ 8. ಹಾಗಾಗಿ 12ರ ಟೈಮ್‌ಲೈನಿನಲ್ಲಿ ಒನ್ಸ್ ಬರೆದರೂ 24ರಲ್ಲಿ ಟೂಸ್ ಬರೆದರೂ ಕೈಗೆ ಬೀಳುವ ಕೆಲಸ ಒಂದೇ. ವ್ಯತ್ಯಾಸ ಇಷ್ಟೆ: 12ರಲ್ಲಿ ಕೂತವರಿಗೆ ಕೊಡೆ ಮಗುಚುವ ಆ ಮೂರನೇ ಒಂದು ಸೆಕೆಂಡಿನಲ್ಲಿ ಹೆಚ್ಚು ಚಿತ್ರ ಹಾಕಲು ಜಾಗವೇ ಇರುವುದಿಲ್ಲ. ಪ್ಯಾನ್ (ಕ್ಯಾಮೆರಾ ಪಕ್ಕಕ್ಕೆ ಸಾಗುವುದು) ಕೂಡ ಸೆಕೆಂಡಿಗೆ 12 ಹೆಜ್ಜೆಯಲ್ಲೇ ಕುಂಟಬೇಕು. ಚಿಕ್ಕ ಲೂಪು, ಸ್ಟಿಕ್ಕರ್ ತರಹದ ಕೆಲಸಕ್ಕೆ 12 ಸಾಕು. ಮಾತು ಮತ್ತು ಕ್ಯಾಮೆರಾ ಇರುವ ದೃಶ್ಯಕ್ಕೆ ಸಾಲದು.

24 ಬಂದದ್ದು 1920ರ ದಶಕದ ಕೊನೆಯಲ್ಲಿ, ಮಾತಿನ ಚಿತ್ರಗಳ ಜೊತೆ. ಮೂಕಿ ಕಾಲದಲ್ಲಿ ವೇಗ ಹೆಚ್ಚುಕಡಿಮೆ ಆದರೂ ನಡೆಯುತ್ತಿತ್ತು. ಫಿಲ್ಮಿನ ಮೇಲೇ ಧ್ವನಿ ಮುದ್ರಿಸಿದ ಮೇಲೆ ವೇಗ ಕದಲುವಂತಿರಲಿಲ್ಲ. ಅದು ಹಳೆಯ ಕಾರಣ. ಕೈಯಲ್ಲಿ ಬರೆಯುವವರಿಗೆ ಈಗಲೂ 24 ಒಗ್ಗುವುದಕ್ಕೆ ಕಾರಣ ಅದರ ಭಾಗಾಕಾರ. 24ನ್ನು 2, 3, 4, 6, 8, 12 ಎಲ್ಲವೂ ಶೇಷವಿಲ್ಲದೆ ಭಾಗಿಸುತ್ತವೆ. 30ನ್ನು 2, 3, 5, 6, 10, 15 ಭಾಗಿಸುತ್ತವೆ, ಆದರೆ 4 ಇಲ್ಲ. 25ನ್ನು 5 ಮಾತ್ರ. 25ರಲ್ಲಿ ಟೂಸ್ ಅಂದರೆ ಸೆಕೆಂಡಿಗೆ ಹನ್ನೆರಡೂವರೆ ಚಿತ್ರ: ಒಂದು ಸೆಕೆಂಡು ಬೆಸ ಫ್ರೇಮಿನಲ್ಲಿ ಶುರುವಾದರೆ ಮುಂದಿನದು ಸಮ ಫ್ರೇಮಿನಲ್ಲಿ ಶುರುವಾಗುತ್ತದೆ. ಅರ್ಧ ಸೆಕೆಂಡಿನ ಗುರುತೇ ಸಿಗುವುದಿಲ್ಲ.

ನಡಿಗೆಯನ್ನೇ ತೆಗೆದುಕೊಂಡು ನೋಡಿ. ಸಾಮಾನ್ಯ ನಡಿಗೆಯಲ್ಲಿ ಅರ್ಧ ಸೆಕೆಂಡಿಗೆ ಒಂದು ಹೆಜ್ಜೆ. 24ರಲ್ಲಿ ಅದು 12 ಫ್ರೇಮ್. ಪಾದ ನೆಲ ಮುಟ್ಟುವ ಚಿತ್ರಗಳು 1, 13, 25ರಲ್ಲಿ, ಕಾಲು ಕಾಲನ್ನು ದಾಟುವ ಚಿತ್ರಗಳು 7, 19ರಲ್ಲಿ. 30ರಲ್ಲಿ ಅದೇ ಹೆಜ್ಜೆ 15 ಫ್ರೇಮ್. ಟೂಸ್‌ನಲ್ಲಿ ಚಿತ್ರಗಳು 1, 3, 5 ಎಂದು ಬೆಸ ನಂಬರಿನಲ್ಲಿ ಕೂರುತ್ತವೆ, ಎರಡನೇ ಪಾದ ಬೀಳಬೇಕಾದದ್ದು 16ರಲ್ಲಿ. ಒಂದೋ ಹೆಜ್ಜೆಯನ್ನು 14 ಅಥವಾ 16 ಫ್ರೇಮಿಗೆ ಎಳೆಯಬೇಕು, ಇಲ್ಲವೇ ಪೂರ್ತಿ ನಡಿಗೆಯನ್ನು ಥ್ರೀಸ್‌ಗೆ ಹಾಕಿ ಹೆಜ್ಜೆಗೆ 5 ಚಿತ್ರ ಮಾಡಬೇಕು. ಆಗದ ಮಾತಲ್ಲ, ಆದರೆ ಹೆಜ್ಜೆಹೆಜ್ಜೆಗೂ ರಾಜಿ.

ಆರರ ಗೀಟು

24ರಲ್ಲಿ ಕೆಲಸ ಮಾಡುವವರು ರೂಢಿಸಿಕೊಳ್ಳಬೇಕಾದ ಒಂದು ಅಭ್ಯಾಸ ಇದೆ. ಮುಖ್ಯ ಭಂಗಿಗಳನ್ನು ಆದಷ್ಟು 1, 7, 13, 19, 25, 31 ಹೀಗೆ ಆರಾರು ಫ್ರೇಮಿಗೆ ಕೂರಿಸುವುದು. ಟೂಸ್‌ನ ಚಿತ್ರಗಳು 1, 3, 5, 7, 9, 11, 13ರಲ್ಲಿ. ಥ್ರೀಸ್‌ನವು 1, 4, 7, 10, 13ರಲ್ಲಿ. ಎರಡಕ್ಕೂ ಸಲ್ಲುವ ನಂಬರುಗಳು 1, 7, 13. ಕೀಗಳು ಇಲ್ಲಿ ಕೂತಿದ್ದರೆ ಒಂದೇ ಚಲನೆಯನ್ನು ಒನ್ಸ್‌ನಿಂದ ಟೂಸ್‌ಗೆ, ಟೂಸ್‌ನಿಂದ ಥ್ರೀಸ್‌ಗೆ ಬದಲಿಸುವಾಗ ಒಂದೇ ಒಂದು ಕೀಯನ್ನೂ ಜರುಗಿಸಬೇಕಿಲ್ಲ. ನಡುವಿನ ಚಿತ್ರ ಸೇರಿಸುವುದು ಅಥವಾ ತೆಗೆಯುವುದು, ಅಷ್ಟೇ. 6 ಫ್ರೇಮ್ ಅಂದರೆ ಕಾಲು ಸೆಕೆಂಡು, ಅದನ್ನು ಬಾಯಲ್ಲಿ ಎಣಿಸಬಹುದು ಕೂಡ.

ಒಂದು ಎಚ್ಚರಿಕೆ: ಕ್ರಿಟಾದ ಟೈಮ್‌ಲೈನ್ 0ಯಿಂದ ಎಣಿಸುತ್ತದೆ, ಓಪನ್‌ಟೂನ್ಸ್ 1ರಿಂದ. ಬ್ಲೆಂಡರ್‌ನಲ್ಲೂ ದೃಶ್ಯ 1ರಿಂದ ಶುರುವಾಗುವಂತೆ ಇರುತ್ತದೆ. ಕ್ರಿಟಾದಲ್ಲಿ ಟೂಸ್ ಅಂದರೆ ಸಮ ನಂಬರುಗಳು, ಉಳಿದ ಎರಡರಲ್ಲಿ ಬೆಸ. ಕೆಳಗೆ ಕೊಟ್ಟಿರುವ ನಂಬರುಗಳೆಲ್ಲ 1ರಿಂದ ಎಣಿಸಿದವು. ಕ್ರಿಟಾದಲ್ಲಿ ಪ್ರತಿಯೊಂದರಿಂದ 1 ಕಳೆಯಿರಿ. ಇದನ್ನು ಮರೆತರೆ ಲಿಪ್ ಸಿಂಕ್ (ಮಾತಿಗೆ ತುಟಿಯ ಹೊಂದಿಕೆ) ಒಂದು ಫ್ರೇಮ್ ತಪ್ಪಿ ಕೂರುತ್ತದೆ. ಕಣ್ಣಿಗೆ ಏನೋ ಸರಿಯಿಲ್ಲ ಅನಿಸುತ್ತದೆ, ಏನೆಂದು ತಿಳಿಯುವುದಿಲ್ಲ.

ಪರೀಕ್ಷೆ

ದೃಶ್ಯದ ಅತಿ ಜೋರಿನ ಚಲನೆ ಮತ್ತು ಅತಿ ನಿಧಾನದ ಚಲನೆ, ಎರಡನ್ನೂ ಕಚ್ಚಾ ಗೆರೆಯಲ್ಲಿ ಒಂದೊಂದು ಸೆಕೆಂಡು ಒನ್ಸ್‌ನಲ್ಲಿ ಬರೆದುಕೊಳ್ಳಿ. ಇಲ್ಲಿ ಅವು ಕೊಡೆ ಮಗುಚುವುದು ಮತ್ತು ಮಾತು ಮುಗಿದ ಮೇಲೆ ತಲೆ ತಗ್ಗಿಸುವುದು. ಫೈಲನ್ನು ನಕಲು ಮಾಡಿ ಒಂದರಲ್ಲಿ ಸಮ ಫ್ರೇಮುಗಳನ್ನು ತೆಗೆದು ಟೂಸ್ ಮಾಡಿ, ಇನ್ನೊಂದರಲ್ಲಿ 1, 4, 7, 10 ಮಾತ್ರ ಉಳಿಸಿ ಥ್ರೀಸ್ ಮಾಡಿ. ಕ್ರಿಟಾದಲ್ಲಿ ಕೀ ಅಳಿಸಿದರೆ ಹಿಂದಿನ ಚಿತ್ರ ತಾನಾಗಿ ಮುಂದಿನ ಕೀಯವರೆಗೆ ಹಿಡಿದುಕೊಳ್ಳುತ್ತದೆ. ಚಿತ್ರಗಳು ಈಗಾಗಲೇ ಸಾಲಾಗಿದ್ದು ಅವನ್ನು ಟೂಸ್‌ಗೆ ಹಿಗ್ಗಿಸಬೇಕಿದ್ದರೆ ಓಪನ್‌ಟೂನ್ಸ್‌ನ ರೀಫ್ರೇಮ್ ಆಜ್ಞೆ ಒಂದೇ ಏಟಿಗೆ ಮಾಡುತ್ತದೆ.

ಮೂರನ್ನೂ ಟೈಮ್‌ಲೈನಿನಲ್ಲಿ ಓಡಿಸಿ ತೀರ್ಮಾನ ಮಾಡಬೇಡಿ. ಕಂಪ್ಯೂಟರ್ ಸೋತಾಗ ಸಾಫ್ಟ್‌ವೇರ್ ಎರಡರಲ್ಲಿ ಒಂದು ಮಾಡುತ್ತದೆ: ಫ್ರೇಮ್ ಬಿಟ್ಟು ವೇಗ ಉಳಿಸುತ್ತದೆ, ಅಥವಾ ಎಲ್ಲ ಫ್ರೇಮ್ ತೋರಿಸಿ ನಿಧಾನವಾಗುತ್ತದೆ. ಬ್ಲೆಂಡರ್ ಮೊದಲಿಗೆ ಎರಡನೆಯದನ್ನು ಮಾಡುವಂತೆ ಹೊಂದಿಸಿರುತ್ತದೆ. ಕ್ರಿಟಾದಲ್ಲಿ ಫ್ರೇಮ್ ಬಿಡುವುದಕ್ಕೆ ಒಂದು ಗುಂಡಿಯೇ ಇದೆ. ಎರಡೂ ಸುಳ್ಳು ಹೇಳುತ್ತವೆ. 960 x 540ಕ್ಕೆ ಇಳಿಸಿ ವಿಡಿಯೊ ಮಾಡಿ ನೋಡಿ. 1920 x 1080ರ ಒಂದು ಫ್ರೇಮ್ ನೆನಪಿನಲ್ಲಿ ಬಿಚ್ಚಿಟ್ಟಾಗ 8.3 ಎಂಬಿ ಹಿಡಿಯುತ್ತದೆ, ಹೀಗಾಗಿ 384 ಫ್ರೇಮಿಗೆ 3 ಜಿಬಿಗೂ ಹೆಚ್ಚು. ಅರ್ಧ ಅಳತೆಯಲ್ಲಿ ಅದರ ಕಾಲು ಭಾಗ.

ಪರೀಕ್ಷೆಯಲ್ಲಿ ನೋಡಬೇಕಾದ ಗುರುತು ಒಂದೇ: ಪಕ್ಕಪಕ್ಕದ ಎರಡು ಚಿತ್ರಗಳಲ್ಲಿ ಒಂದೇ ವಸ್ತುವಿನ ಆಕಾರ ಒಂದರ ಮೇಲೊಂದು ಸ್ವಲ್ಪವಾದರೂ ಕೂರುತ್ತದೆಯೇ? ಅನಿಯನ್ ಸ್ಕಿನ್ (ಹಿಂದಿನ ಮುಂದಿನ ಚಿತ್ರಗಳನ್ನು ತೆಳುವಾಗಿ ತೋರಿಸುವ ಸೌಲಭ್ಯ) ಹಾಕಿದರೆ ಕೂಡಲೇ ಕಾಣುತ್ತದೆ. 200 ಪಿಕ್ಸೆಲ್ ಅಗಲದ ಕೊಡೆ ಒಂದು ಚಿತ್ರದಿಂದ ಇನ್ನೊಂದಕ್ಕೆ 240 ಪಿಕ್ಸೆಲ್ ಹಾರಿದರೆ ಕಣ್ಣಿಗೆ ಅದು ಚಲಿಸಿದ ಒಂದು ಕೊಡೆಯಾಗಿ ಕಾಣದೆ ಬೇರೆ ಬೇರೆ ಕಡೆ ಮಿನುಗಿದ ಎರಡು ಕೊಡೆಯಾಗಿ ಕಾಣುತ್ತದೆ. ಅಂಥಲ್ಲಿ ಒನ್ಸ್ ಹಾಕಬೇಕು, ಅಥವಾ ಎರಡೂ ಜಾಗವನ್ನು ಬೆಸೆಯುವ ಒಂದು ಸ್ಮಿಯರ್ ಚಿತ್ರ ಹಾಕಬೇಕು. ಬಿಳಿ ಹಿನ್ನೆಲೆಯ ಮೇಲೆ ಕಪ್ಪು ದಪ್ಪ ಗೆರೆ ಇದ್ದರೆ ಮಿನುಗು ಇನ್ನೂ ಎದ್ದು ಕಾಣುತ್ತದೆ. ತಲೆ ತಗ್ಗಿಸುವ ಪರೀಕ್ಷೆಯಲ್ಲಿ ಇದರ ಉಲ್ಟಾ: ಒನ್ಸ್‌ನಲ್ಲಿ ಚಿತ್ರದಿಂದ ಚಿತ್ರಕ್ಕೆ ಗೆರೆ ಒಂದೆರಡು ಪಿಕ್ಸೆಲ್ ಮಾತ್ರ ಸರಿಯಬೇಕು, ಕೈಯ ನಡುಕವೇ ಅದಕ್ಕಿಂತ ಹೆಚ್ಚಿರುತ್ತದೆ. ಒನ್ಸ್‌ನ ತಲೆ ಗಡಗಡ ಅಂದರೆ, ಥ್ರೀಸ್‌ನ ತಲೆ ನಯವಾಗಿ ಇಳಿಯುತ್ತದೆ. ಚಿತ್ರ ಹೆಚ್ಚಿದಷ್ಟೂ ನಯ ಅನ್ನುವುದು ಕೈಬರಹದ ಅನಿಮೇಶನ್‌ಗೆ ಪೂರ್ತಿ ಒಪ್ಪುವ ಮಾತಲ್ಲ.

ನಡಿಗೆ, ಫ್ರೇಮ್ 1ರಿಂದ 96

ಕ್ಯಾಮೆರಾ ನಿಂತಿದೆ. ಹೆಜ್ಜೆಗೆ 12 ಫ್ರೇಮ್, ಎರಡು ಹೆಜ್ಜೆಯ ಸೈಕಲ್ (ಮತ್ತೆ ಮತ್ತೆ ಓಡಿಸುವ ಚಿತ್ರಗಳ ಸುತ್ತು) 24 ಫ್ರೇಮ್, ಟೂಸ್‌ನಲ್ಲಿ 12 ಚಿತ್ರ. ಒಂದು ಕೈಯಲ್ಲಿ ಕೊಡೆ ಇರುವುದರಿಂದ ಮೊದಲ ಹೆಜ್ಜೆಯನ್ನು ಹಾಗೇ ಎರಡನೆಯದಕ್ಕೆ ಬಳಸಲಾಗದು, 12ನ್ನೂ ಬರೆಯಬೇಕು. ಹೆಜ್ಜೆಯ ಉದ್ದ 144 ಪಿಕ್ಸೆಲ್ ಇಡಲು ಕಾರಣ ಇದೆ: 12 ಫ್ರೇಮಿಗೆ 144 ಅಂದರೆ ಫ್ರೇಮಿಗೆ ಸರಿಯಾಗಿ 12 ಪಿಕ್ಸೆಲ್. 8 ಹೆಜ್ಜೆಯಲ್ಲಿ 1152 ಪಿಕ್ಸೆಲ್ ಸಾಗಿ, ಪರದೆಯ ಆಚೆಯಿಂದ ನಡುಮಧ್ಯಕ್ಕೆ ಬಂದು ಸೇರುತ್ತಾಳೆ.

ಡಿಜಿಟಲ್ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ ಇಲ್ಲೇ ಹುಟ್ಟುತ್ತದೆ. ಸೈಕಲ್ ಟೂಸ್‌ನಲ್ಲಿದೆ. ಅದನ್ನು ಎಡದಿಂದ ಬಲಕ್ಕೆ ಒಯ್ಯಲು ಲೇಯರಿಗೆ (ಅವಳ ಚಿತ್ರಗಳಿರುವ ಪದರಕ್ಕೆ) ಮೊದಲ ಫ್ರೇಮಿನಲ್ಲಿ ಒಂದು ಕೀ, ಕೊನೆಯ ಫ್ರೇಮಿನಲ್ಲಿ ಒಂದು ಕೀ ಹಾಕುತ್ತಾರೆ. ಸಾಫ್ಟ್‌ವೇರ್ ನಡುವಿನ ಜಾಗವನ್ನು ಪ್ರತಿ ಫ್ರೇಮಿಗೂ ಲೆಕ್ಕ ಹಾಕುತ್ತದೆ, ಅಂದರೆ ಸ್ಥಳಾಂತರ ಒನ್ಸ್‌ನಲ್ಲಿ ಆಗುತ್ತದೆ. ಚಿತ್ರ ಎರಡನೇ ಫ್ರೇಮಿನಲ್ಲೂ ಅದೇ ಇದ್ದು ಲೇಯರ್ ಮಾತ್ರ 12 ಪಿಕ್ಸೆಲ್ ಮುಂದೆ ಹೋಗುತ್ತದೆ. ನೆಲಕ್ಕೆ ಊರಿದ ಪಾದ ಜಾರುತ್ತದೆ. ಮುಂದಿನ ಚಿತ್ರದಲ್ಲಿ ಪಾದ ಸರಿಯಾದ ಜಾಗಕ್ಕೆ ಮರಳುತ್ತದೆ, ಮತ್ತೆ ಜಾರುತ್ತದೆ. ಸೆಕೆಂಡಿಗೆ 12 ಬಾರಿ ಈ ಜಾರಾಟ ನಡೆದಾಗ ಅವಳು ಮಂಜುಗಡ್ಡೆಯ ಮೇಲೆ ನಡುಗುತ್ತ ನಡೆದಂತಿರುತ್ತದೆ.

ಸ್ಥಳಾಂತರವನ್ನೂ ಟೂಸ್‌ಗೆ ಕಟ್ಟುವುದು ಇದಕ್ಕೆ ಮದ್ದು: ಎರಡು ಫ್ರೇಮಿಗೊಮ್ಮೆ 24 ಪಿಕ್ಸೆಲ್. ಬ್ಲೆಂಡರ್‌ನಲ್ಲಿ ಗ್ರಾಫ್ ಎಡಿಟರಿನಲ್ಲಿ ಸ್ಥಳಾಂತರದ ಕರ್ವಿಗೆ (ಜಾಗ ಬದಲಾಗುವುದನ್ನು ತೋರಿಸುವ ಗೆರೆಗೆ) ಸ್ಟೆಪ್ಡ್ ಇಂಟರ್‌ಪೋಲೇಶನ್ ಮಾಡಿಫೈಯರ್ ಹಾಕಿ ಸ್ಟೆಪ್ ಸೈಜ್ 2 ಮಾಡಿ. ಜಾಗ ಬದಲಾಗುವ ಫ್ರೇಮ್ ಚಿತ್ರ ಬದಲಾಗುವ ಫ್ರೇಮಿಗೇ ಬಿತ್ತೇ ಎಂದು ನೋಡಿ. ಒಂದು ಫ್ರೇಮ್ ಆಚೀಚೆ ಇದ್ದರೆ ಆಫ್‌ಸೆಟ್ 1 ಕೊಡಿ. ತಪ್ಪಿದರೆ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ. ಓಪನ್‌ಟೂನ್ಸ್‌ನ ಫಂಕ್ಷನ್ ಎಡಿಟರಿನಲ್ಲಿ ಸ್ಟೆಪ್ ಎಂಬ ಮೌಲ್ಯ ಇದೆ, ಅದಕ್ಕೂ 2. ಸ್ಥಳಾಂತರದ ಕರ್ವ್ ನೆಟ್ಟಗಿರಲಿ, ಈಸ್ (ಶುರು, ಕೊನೆಯಲ್ಲಿ ವೇಗ ನಿಧಾನವಾಗುವುದು) ಬೇಡ. ಮೈಯ ಏರಿಳಿತ ಸೈಕಲ್ಲಿನ ಚಿತ್ರದಲ್ಲೇ ಇದೆ.

ಪ್ಯಾನ್, 97ರಿಂದ 144

ಎರಡು ಸೆಕೆಂಡು, 4 ಹೆಜ್ಜೆ, ಹಿನ್ನೆಲೆ 576 ಪಿಕ್ಸೆಲ್ ಸರಿಯಬೇಕು. ಹಿನ್ನೆಲೆಯ ಚಿತ್ರ ಕನಿಷ್ಠ 2496 ಪಿಕ್ಸೆಲ್ ಅಗಲ ಇರಬೇಕು, 2600 ಇಟ್ಟರೆ ಅಂಚು ಕಾಣುವ ಭಯವಿಲ್ಲ.

ಕ್ಯಾಮೆರಾ ಒನ್ಸ್‌ನಲ್ಲಿ ನಯವಾಗಿ ಸಾಗುತ್ತಿದೆ, ಹುಡುಗಿ ಟೂಸ್‌ನಲ್ಲಿದ್ದಾಳೆ ಎಂದುಕೊಳ್ಳಿ. ಹಿಂದಿನ ಶಾಟಿನಲ್ಲಿ ಮಾಡಿದ ಹಾಗೆ ಅವಳನ್ನು ನೆಲಕ್ಕೆ ಟೂಸ್‌ನಲ್ಲೇ ಕಟ್ಟಿದರೆ ಪಾದ ಜಾರುವುದಿಲ್ಲ, ಆದರೆ ಪರದೆಯ ಮೇಲೆ ಅವಳ ಇಡೀ ಮೈ ಒಂದು ಫ್ರೇಮ್ 12 ಪಿಕ್ಸೆಲ್ ಹಿಂದೆ, ಒಂದು ಫ್ರೇಮ್ 12 ಪಿಕ್ಸೆಲ್ ಮುಂದೆ ಅದುರುತ್ತದೆ. ಅವಳನ್ನು ಪರದೆಗೆ ಕಟ್ಟಿದರೆ ಮೈ ನಿಲ್ಲುತ್ತದೆ, ಪಾದ ಜಾರುತ್ತದೆ. ಎರಡರಲ್ಲಿ ಯಾವುದನ್ನು ಸರಿಮಾಡಲು ಹೋದರೂ ಇನ್ನೊಂದು ಕೆಡುತ್ತದೆ. ದೋಷ ಇರುವುದು ಕ್ಯಾಮೆರಾ ಮತ್ತು ಚಿತ್ರ ಬೇರೆ ಬೇರೆ ಲೆಕ್ಕದಲ್ಲಿ ಇರುವುದರಲ್ಲಿ.

ದಾರಿ ಎರಡಿವೆ. ಕ್ಯಾಮೆರಾವನ್ನೂ ಟೂಸ್‌ಗೆ ಇಳಿಸಬಹುದು. ಹೊಸ ಚಿತ್ರ ಬೇಡ, ಆದರೆ ಇಡೀ ಹಿನ್ನೆಲೆ ಸೆಕೆಂಡಿಗೆ 12 ಬಾರಿ 24 ಪಿಕ್ಸೆಲ್ ಜಿಗಿಯುತ್ತದೆ. ಮಬ್ಬಾದ, ವಿವರ ಕಡಿಮೆ ಇರುವ ಹಿನ್ನೆಲೆಗೆ ಸರಿ. ಬೇಲಿ, ಕಿಟಕಿಯ ಸರಳು ಇದ್ದರೆ ಕಣ್ಣು ನೋಯುತ್ತದೆ. ಇನ್ನೊಂದು ದಾರಿ, ನಡಿಗೆಯನ್ನು ಒನ್ಸ್‌ಗೆ ಏರಿಸುವುದು. 12 ಚಿತ್ರದ ನಡುವೆ ಇನ್ನೂ 12 ಇನ್‌ಬಿಟ್ವೀನ್ ಬರೆದು 24ರ ಸೈಕಲ್ ಮಾಡಿ, ಸ್ಥಳಾಂತರವನ್ನು ಫ್ರೇಮಿಗೆ 12 ಪಿಕ್ಸೆಲ್ಲಿಗೆ ಬಿಡಿ. ಸೈಕಲ್ ಆದ್ದರಿಂದ ಪ್ಯಾನ್ ಎರಡು ಸೆಕೆಂಡಿದ್ದರೂ ಇಪ್ಪತ್ತು ಸೆಕೆಂಡಿದ್ದರೂ ಹೆಚ್ಚುವರಿ ಕೆಲಸ 12 ಚಿತ್ರವೇ. ಈ ದೃಶ್ಯದಲ್ಲಿ ಬೇಲಿ ಇದೆ, ಹಾಗಾಗಿ ಎರಡನೆಯದು. ಕ್ಯಾಮೆರಾ ಹೊರಡುವಾಗ, ನಿಲ್ಲುವಾಗ ಈಸ್ ಕೊಡುವುದಿದ್ದರೆ ಹುಡುಗಿಯನ್ನು ಪರದೆಗೆ ಕಟ್ಟಲೇಬಾರದು, ನೆಲಕ್ಕೇ ಕಟ್ಟಬೇಕು. ಕ್ಯಾಮೆರಾ ನಿಧಾನವಾದಷ್ಟು ಅವಳು ಪರದೆಯಲ್ಲಿ ಸಹಜವಾಗಿ ಮುಂದೆ ಸರಿಯುತ್ತಾಳೆ. ಫ್ರೇಮಿಗೆ 2-3 ಪಿಕ್ಸೆಲ್ಲಿನ ತೀರಾ ನಿಧಾನದ ಪ್ಯಾನ್ ಆದರೆ ಇಷ್ಟೆಲ್ಲ ತಲೆಬಿಸಿ ಬೇಡ, ಟೂಸ್ ಮೇಲೆಯೇ ಸಾಗುತ್ತದೆ.

ಬೇಲಿಗೆ ಇನ್ನೊಂದು ಲೆಕ್ಕ. ಕಂಬಗಳ ಅಂತರ ಪ್ಯಾನ್ ವೇಗಕ್ಕೆ ಸಮನಾಗಿದ್ದರೆ ಪ್ರತಿ ಫ್ರೇಮಿನಲ್ಲೂ ಒಂದು ಕಂಬದ ಜಾಗಕ್ಕೆ ಇನ್ನೊಂದು ಬಂದು ಬೇಲಿ ನಿಂತಂತೆ ಕಾಣುತ್ತದೆ. ಅಂತರ ವೇಗದ ಎರಡರಷ್ಟಿದ್ದರೆ ಬೇಲಿ ಯಾವ ಕಡೆ ಹೋಗುತ್ತಿದೆ ಎಂದೇ ತಿಳಿಯುವುದಿಲ್ಲ, ಒಂದಕ್ಕಿಂತ ಹೆಚ್ಚಿದ್ದು ಎರಡರ ಒಳಗಿದ್ದರೆ ಹಿಂದಕ್ಕೆ ಓಡುತ್ತದೆ. ಫ್ರೇಮಿಗೆ 12 ಪಿಕ್ಸೆಲ್ ವೇಗಕ್ಕೆ ಕಂಬಗಳನ್ನು 60 ಪಿಕ್ಸೆಲ್ಲಿಗಿಂತ ದೂರ ಇಡಿ, ಅಂತರವೂ ಏಕರೂಪವಾಗಿರದೆ ಸ್ವಲ್ಪ ಏರುಪೇರಾಗಿರಲಿ. ಒಂದು ವಸ್ತು ಪರದೆಯ ಅಗಲ ದಾಟಲು 7 ಸೆಕೆಂಡಾದರೂ ತೆಗೆದುಕೊಳ್ಳಲಿ ಎಂಬ ಛಾಯಾಗ್ರಾಹಕರ ಹಳೆಯ ಅಂದಾಜು 24 ಫ್ರೇಮಿಗೆ ಮಾಡಿದ್ದು. ನಮ್ಮ ವೇಗದಲ್ಲಿ 160 ಫ್ರೇಮ್, ಆರೂಮುಕ್ಕಾಲು ಸೆಕೆಂಡಿಗೆ ಸ್ವಲ್ಪ ಕಡಿಮೆ, ಗಡಿಯಲ್ಲಿದೆ. ನೋಡುವವರ ಕಣ್ಣು ಹುಡುಗಿಯನ್ನು ಹಿಂಬಾಲಿಸುವುದರಿಂದ ನಡೆಯುತ್ತದೆ.

ಇಷ್ಟಾದರೂ 60 ಹರ್ಟ್ಸ್ ಪರದೆಯಲ್ಲಿ ಪ್ಯಾನ್ ತುಸು ಎಡವಿದಂತೆ ಕಂಡರೆ ಅದು ಫೈಲಿನ ತಪ್ಪಲ್ಲ. 60ನ್ನು 24 ಭಾಗಿಸುವುದಿಲ್ಲ, ಆದ್ದರಿಂದ ಪರದೆ ಒಂದು ಫ್ರೇಮನ್ನು 3 ಬಾರಿ, ಮುಂದಿನದನ್ನು 2 ಬಾರಿ ತೋರಿಸುತ್ತದೆ: 50 ಮಿಲಿಸೆಕೆಂಡು, 33 ಮಿಲಿಸೆಕೆಂಡು, ಮತ್ತೆ 50. ಸೊಗಸೆಂದರೆ ಟೂಸ್‌ನಲ್ಲಿ ಈ ಎಡವು ಮಾಯವಾಗುತ್ತದೆ. 3 ಮತ್ತು 2 ಸೇರಿ ಪ್ರತಿ ಚಿತ್ರಕ್ಕೂ ಸರಿಯಾಗಿ 5 ಬಾರಿ, 83 ಮಿಲಿಸೆಕೆಂಡು. ಥ್ರೀಸ್‌ನಲ್ಲಿ 8 ಮತ್ತು 7, ಯಾರಿಗೂ ಕಾಣದಷ್ಟು ವ್ಯತ್ಯಾಸ. ಹಾಗಾಗಿ 60 ಹರ್ಟ್ಸ್ ಪರದೆಗೆ 30ರ ಫ್ರೇಮ್ ರೇಟೇ ಸರಿ ಎಂಬ ವಾದ ಕ್ಯಾಮೆರಾ ಚಲನೆಗೆ ಹೊಂದುತ್ತದೆ, ಟೂಸ್‌ನ ಪಾತ್ರಕ್ಕೆ ಹೊಂದುವುದಿಲ್ಲ. 120 ಹರ್ಟ್ಸ್ ಪರದೆಯಲ್ಲಿ ಒನ್ಸ್‌ಗೂ ತಲಾ 5 ಬಾರಿ ಬರುತ್ತದೆ, ಜಗಳವೇ ಇಲ್ಲ.

ಕೊಡೆ, 145ರಿಂದ 216

72 ಫ್ರೇಮಿನಲ್ಲಿ ಮೂರು ಬಗೆಯ ಹಿಡಿತ: ಒನ್ಸ್, ಟೂಸ್, ಥ್ರೀಸ್. ಗಾಳಿಗೆ ಎದುರಾಗಿ ಕೊಡೆಯನ್ನು ತಳ್ಳುವ ಮೊದಲ 24 ಫ್ರೇಮ್ ಟೂಸ್‌ನಲ್ಲಿ, 12 ಚಿತ್ರ. ಮಗುಚುವ 8 ಫ್ರೇಮ್ ಒನ್ಸ್‌ನಲ್ಲಿ, 8 ಚಿತ್ರ, ಅದರಲ್ಲಿ ನಾಲ್ಕನೆಯದು ಸ್ಮಿಯರ್. ಮಗುಚಿದ ಕೊಡೆ ಪಟಪಟ ಬಡಿದುಕೊಳ್ಳುವ 16 ಫ್ರೇಮ್ ಟೂಸ್‌ನಲ್ಲಿ, 8 ಚಿತ್ರ. ಕೈ ನಿಧಾನಕ್ಕೆ ಇಳಿಯುವ 24 ಫ್ರೇಮ್ ಥ್ರೀಸ್‌ನಲ್ಲಿ, 8 ಚಿತ್ರ. ಒಟ್ಟು 36.

ಒನ್ಸ್‌ನಿಂದ ಟೂಸ್‌ಗೆ ಬರುವ ಕೊಂಡಿಯಲ್ಲಿ ಸ್ಪೇಸಿಂಗ್ (ಚಿತ್ರದಿಂದ ಚಿತ್ರಕ್ಕೆ ಇರುವ ಅಂತರ) ನೋಡಿಕೊಳ್ಳಬೇಕು. ಒನ್ಸ್‌ನಲ್ಲಿ ಚಿತ್ರಕ್ಕೆ 60 ಪಿಕ್ಸೆಲ್ ಸಾಗುತ್ತಿದ್ದ ತುದಿ ಟೂಸ್‌ಗೆ ಬಂದ ಕೂಡಲೇ ಚಿತ್ರಕ್ಕೆ 60 ಪಿಕ್ಸೆಲ್ಲೇ ಸಾಗಿದರೆ ವೇಗ ಇದ್ದಕ್ಕಿದ್ದಂತೆ ಅರ್ಧವಾಗುತ್ತದೆ. ಅದು ಬೇಕೆಂದೇ ಮಾಡಿದ್ದಾದರೆ ಸರಿ. ಇಲ್ಲದಿದ್ದರೆ ಟೂಸ್‌ನ ಮೊದಲ ಅಂತರ 100ರ ಸುಮಾರಿಗೆ ಇರಲಿ, ಆಮೇಲೆ 60, 30 ಎಂದು ಇಳಿಯಲಿ. ಹಿಡಿತ ಬದಲಿಸುವುದಕ್ಕೆ ಅತಿ ಸುರಕ್ಷಿತ ಜಾಗ ಚಲನೆ ದಿಕ್ಕು ಬದಲಿಸುವ ತುದಿ. ಅಲ್ಲಿ ವೇಗ ಹೇಗೂ ಸೊನ್ನೆ.

ಮಾತು, 217ರಿಂದ 312

ಧ್ವನಿ ಮೊದಲು, ಬಾಯಿ ಆಮೇಲೆ. ಮುದ್ರಣ 48 ಕಿಲೋಹರ್ಟ್ಸ್‌ನಲ್ಲಿರಲಿ: 24ರಲ್ಲಿ ಫ್ರೇಮಿಗೆ ಸರಿಯಾಗಿ 2000 ಸ್ಯಾಂಪಲ್ (ಧ್ವನಿಯನ್ನು ಅಳೆದಿಟ್ಟ ಬಿಂದುಗಳು). 25ರಲ್ಲಿ 1920, 30ರಲ್ಲಿ 1600. 44.1 ಕಿಲೋಹರ್ಟ್ಸ್ ಆದರೆ 24ರಲ್ಲಿ 1837.5, ಕತ್ತರಿಸುವಾಗ ಅರ್ಧ ಸ್ಯಾಂಪಲ್ ಎಲ್ಲೋ ಉಳಿಯುತ್ತದೆ. ಕಿವಿಗೆ ಗೊತ್ತಾಗದಿದ್ದರೂ ಸರಿಯಾಗಿ ಭಾಗವಾಗುವುದನ್ನು ಬಿಟ್ಟು ಇದನ್ನು ಆರಿಸಿಕೊಳ್ಳಲು ಕಾರಣವಿಲ್ಲ.

ಮಾತು ಇಷ್ಟು: "ಅಮ್ಮಾ, ಕೊಡೆ ಮುರಿಯಿತು!" ಇದರಲ್ಲಿ ತುಟಿ ಮುಚ್ಚುವುದು ಎರಡು ಕಡೆ. "ಮ್ಮ" ಒತ್ತಕ್ಷರ, ತುಟಿ ಹೆಚ್ಚು ಹೊತ್ತು ಮುಚ್ಚಿರುತ್ತದೆ: 4 ಫ್ರೇಮ್ ಕೊಡಿ. "ಮು" ಒಂಟಿ ವ್ಯಂಜನ: 2 ಫ್ರೇಮ್ ಸಾಕು, ಅದಕ್ಕಿಂತ ಕಡಿಮೆ ಬೇಡ, ಒಂದೇ ಫ್ರೇಮಿನ ಮುಚ್ಚು ಕಣ್ಣಿಗೆ ಸಿಗುವುದಿಲ್ಲ. ದೀರ್ಘ ಸ್ವರಕ್ಕೆ ಹ್ರಸ್ವದ ಎರಡರಷ್ಟು ಜಾಗ. ಬಾಯಿಯ ಆಕಾರ ಧ್ವನಿಗಿಂತ ಒಂದೆರಡು ಫ್ರೇಮ್ ಮುಂಚೆ ಬಂದರೆ ಸಹಜ ಅನಿಸುತ್ತದೆ, ತಡವಾದರೆ ಡಬ್ಬಿಂಗ್ ಕೆಟ್ಟಂತೆ. ಪ, ಬ, ಮಗಳಿಗೆ ಒಂದು ಮುಚ್ಚಿದ ಬಾಯಿ, ವಕ್ಕೆ ಕೆಳತುಟಿ ಹಲ್ಲಿಗೆ ತಾಗಿದ್ದು, ಅ ಮತ್ತು ಆಕ್ಕೆ ಎರಡು ಅಳತೆಯ ತೆರೆದ ಬಾಯಿ, ಇ-ಎಗೆ ಅಗಲದ್ದು, ಉ-ಒಗೆ ದುಂಡಗಿನದು, ನಾಲಗೆ ಕಾಣುವ ಒಂದು, ವಿಶ್ರಾಂತಿಯ ಒಂದು: 8 ಆಕಾರ ಸಾಕು.

ಬಾಯಿಗೆ ಬೇರೆ ಲೇಯರ್ ಇರಲೇಬೇಕು. ತಲೆ ಥ್ರೀಸ್‌ನಲ್ಲಿ ಕೂತಿದ್ದರೂ ತುಟಿ ಮುಚ್ಚಬೇಕಾದದ್ದು ನಡುವಿನ ಫ್ರೇಮಿನಲ್ಲಿ ಬಂದರೆ ಬಾಯಿಯನ್ನು ಅಲ್ಲೇ ಬದಲಿಸಬಹುದು. ತಲೆ ಚಲಿಸುತ್ತಿದ್ದರೆ ಮಾತ್ರ ಬಾಯಿಯ ಜಾಗ ತಲೆಯ ಜೊತೆಗೇ, ತಲೆಯ ಲೆಕ್ಕದಲ್ಲೇ ಬದಲಾಗಬೇಕು. ಆಕಾರಕ್ಕೆ ಒಂದು ಲೆಕ್ಕ, ಜಾಗಕ್ಕೆ ಒಂದು ಲೆಕ್ಕ. ಮೈ-ತಲೆಗೆ 14, ಬಾಯಿಗೆ 8, ರೆಪ್ಪೆಗೆ 4 ಚಿತ್ರ, ಒಟ್ಟು 26.

ಮೈ ಅಲುಗದೆ ನಿಲ್ಲುವ ಕಡೆ ಒಂದೇ ಚಿತ್ರವನ್ನು ಅರ್ಧ ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕೈಬರಹದ ಗೆರೆ ಹೆಪ್ಪುಗಟ್ಟಿದಂತೆ ಕಾಣುತ್ತದೆ. ಅದೇ ಭಂಗಿಯನ್ನು ಗೆರೆಯ ಮೇಲೆ ಗೆರೆ ಎಳೆದು ಮೂರು ಬಾರಿ ಬರೆದು, ಆ ಮೂರನ್ನು ಥ್ರೀಸ್ ಅಥವಾ ಫೋರ್ಸ್‌ನಲ್ಲಿ (ನಾಲ್ಕು ಫ್ರೇಮಿಗೊಂದು ಚಿತ್ರ) ತಿರುಗಿಸಿ. ಎರಡೇ ಚಿತ್ರವಾದರೆ ಬಲ್ಬು ಮಿನುಗಿದಂತೆ ಆಗುತ್ತದೆ, ಟೂಸ್‌ನಲ್ಲಿ ತಿರುಗಿಸಿದರೆ ಹುಡುಗಿಗೆ ಜ್ವರ ಬಂದಂತೆ. ಮೇಲಿನ 14ರಲ್ಲಿ ಇವೂ ಸೇರಿವೆ.

ಓಟ, 313ರಿಂದ 384

ತಿರುಗಿ ಹೊರಡಲು 24 ಫ್ರೇಮ್, ಟೂಸ್, 12 ಚಿತ್ರ. ಓಟದಲ್ಲಿ ಹೆಜ್ಜೆಗೆ 6 ಫ್ರೇಮ್. ಟೂಸ್ ಹಾಕಿದರೆ ಹೆಜ್ಜೆಗೆ ಮೂರೇ ಚಿತ್ರ ಸಿಗುತ್ತದೆ, ಕಾಲು ಎಲ್ಲಿತ್ತು ಎಲ್ಲಿಗೆ ಹೋಯಿತು ತಿಳಿಯುವುದಿಲ್ಲ. ಆದ್ದರಿಂದ ಒನ್ಸ್, ಎರಡು ಹೆಜ್ಜೆಯ ಸೈಕಲ್ 12 ಚಿತ್ರ. ಫ್ರೇಮಿಗೆ 40 ಪಿಕ್ಸೆಲ್ ವೇಗದಲ್ಲಿ 30 ಫ್ರೇಮಿಗೆ ಪರದೆ ದಾಟುತ್ತಾಳೆ. ಉಳಿದ 18 ಫ್ರೇಮ್ ಖಾಲಿ ಹಿನ್ನೆಲೆ.

ಓಟಕ್ಕೆ ಫೋನಿನಲ್ಲಿ ತೆಗೆದ ವಿಡಿಯೊ ನೋಡಿಕೊಂಡು ಬರೆಯುವುದಾದರೆ ಅದನ್ನು ಮೊದಲು 24ಕ್ಕೆ ಪರಿವರ್ತಿಸಿ. 30ರ ವಿಡಿಯೊವನ್ನು ಚಿತ್ರಸರಣಿಯಾಗಿ ಬಿಚ್ಚಿ ಹಾಗೇ 24ರ ಟೈಮ್‌ಲೈನಿಗೆ ಸುರಿದರೆ ಓಟ ಕಾಲುಪಟ್ಟು ಉದ್ದವಾಗುತ್ತದೆ.

12, 12, 36, 26, 24 ಸೇರಿ 110 ಚಿತ್ರ. ಸೈಕಲ್ ಇಲ್ಲದೆ ಎಲ್ಲವನ್ನೂ ಒನ್ಸ್‌ನಲ್ಲಿ ಬರೆದಿದ್ದರೆ 366 ಆಗುತ್ತಿತ್ತು.

ಹಿನ್ನೆಲೆ ಸಂಗೀತ ಇದ್ದರೆ ಒಂದು ಭಾಗಾಕಾರ ಮಾಡಿ: 1440ನ್ನು ನಿಮಿಷದ ಬಡಿತಗಳಿಂದ ಭಾಗಿಸಿದರೆ ಬಡಿತಕ್ಕೆ ಎಷ್ಟು ಫ್ರೇಮ್ ಎಂದು ಬರುತ್ತದೆ. 120ಕ್ಕೆ 12, 90ಕ್ಕೆ 16, 144ಕ್ಕೆ 10. 100ಕ್ಕೆ 14.4, ಅದು ಕೂರುವುದಿಲ್ಲ. ಸಂಗೀತ ಇನ್ನೂ ಆಗಿಲ್ಲದಿದ್ದರೆ 96 ಕೇಳಿ, 15 ಫ್ರೇಮ್ ಸಿಗುತ್ತದೆ.

ಹೊರಗೆ ತೆಗೆಯುವುದು

ಪಿಎನ್‌ಜಿ ಸರಣಿಯಾಗಿ 384 ಫೈಲು ತೆಗೆದು ಎಫ್‌ಎಫ್‌ಎಂಪೆಗ್‌ಗೆ ಕೊಡಿ. ಇಲ್ಲಿ ಹೊಂಡ ಒಂದಿದೆ. ಫ್ರೇಮ್ ರೇಟ್ ಹೇಳದಿದ್ದರೆ ಅದು ಚಿತ್ರಸರಣಿಯನ್ನು 25 ಎಂದು ಓದುತ್ತದೆ. 16 ಸೆಕೆಂಡಿನ ಚಿತ್ರ 15.36 ಸೆಕೆಂಡಿಗೆ ಮುಗಿಯುತ್ತದೆ, ಕೊನೆಗೆ ಧ್ವನಿ 0.64 ಸೆಕೆಂಡು ಹಿಂದೆ ಬೀಳುತ್ತದೆ. ಫ್ರೇಮ್‌ರೇಟ್ ಆಯ್ಕೆಯನ್ನು ಇನ್‌ಪುಟ್ ಫೈಲಿನ ಹೆಸರಿಗಿಂತ ಮುಂಚೆ ಬರೆಯಬೇಕು. ಇನ್‌ಪುಟ್ ಆದ ಮೇಲೆ 24 ಎಂದು ಬರೆದರೆ 25 ಎಂದು ಓದಿ, 24 ಮಾಡಲು ಸೆಕೆಂಡಿಗೊಂದು ಫ್ರೇಮ್ ಎಸೆಯುತ್ತದೆ. ಟೂಸ್‌ನ ನಡುವೆ ಸೆಕೆಂಡಿಗೊಮ್ಮೆ ಒಂದು ಸಣ್ಣ ಮುಗ್ಗರಿಕೆ ಕಂಡರೆ ಇದೇ ಕಾರಣ. ಎಚ್.264ಕ್ಕೆ ಪಿಕ್ಸೆಲ್ ಫಾರ್ಮ್ಯಾಟ್ 4:2:0 ಇಡಿ, ಉದ್ದಗಲ ಎರಡೂ ಸಮಸಂಖ್ಯೆ ಇರಲಿ, ಟ್ಯೂನ್ ಆಯ್ಕೆಯಲ್ಲಿ ಅನಿಮೇಶನ್ ಹಾಕಿ.

ಸಿಂಕ್ ತಪ್ಪಿದರೆ ಮೊದಲ ಮಾತಿನಲ್ಲೂ ಕೊನೆಯ ಮಾತಿನಲ್ಲೂ ಎಷ್ಟು ತಪ್ಪಿದೆ ಅಳೆಯಿರಿ. ಎರಡೂ ಕಡೆ ಒಂದೇ ಇದ್ದರೆ ಶುರುವಿನ ನಂಬರು ತಪ್ಪಿದೆ, 0 ಮತ್ತು 1ರ ಗೊಂದಲ. ಹೋಗ್ತಾ ಹೋಗ್ತಾ ಬೆಳೆದರೆ ಫ್ರೇಮ್ ರೇಟ್ ತಪ್ಪಿದೆ. 24ರ ಬದಲು 23.976 ಆಗಿದ್ದರೆ ನಿಮಿಷಕ್ಕೆ ಒಂದೂವರೆ ಫ್ರೇಮಿನಷ್ಟು ಮಾತ್ರ ಸರಿಯುತ್ತದೆ, 16 ಸೆಕೆಂಡಿನಲ್ಲಿ ಕಾಣುವುದೂ ಇಲ್ಲ.

ಯಾರಾದರೂ 30 ಬೇಕು ಎಂದರೆ ಫ್ರೇಮ್ ನಕಲು ಮಾಡಿಯೇ ಕೊಡಿ. ಟೂಸ್ ಆಗ 2, 3, 2, 3 ಆಗುತ್ತದೆ, ಸಹಿಸಬಹುದು. ನಡುವಿನ ಫ್ರೇಮನ್ನು ಯಂತ್ರದಿಂದ ಊಹಿಸಿ ತುಂಬಿಸುವ ಫಿಲ್ಟರ್ ಮಾತ್ರ ಬೇಡ, ಗೆರೆಗಳು ಕರಗಿ ಬೆರಳಿಗೆ ಬೆರಳು ಅಂಟಿಕೊಳ್ಳುತ್ತವೆ. 25 ಬೇಕೆಂದು ಮೊದಲೇ ಗೊತ್ತಿದ್ದರೆ ಧ್ವನಿಯನ್ನು 25/24ರಷ್ಟು ಹಿಗ್ಗಿಸಿ 24ರಲ್ಲಿ ಅದಕ್ಕೆ ಬರೆಯಿರಿ, 16 ಸೆಕೆಂಡಿಗೆ 400 ಫ್ರೇಮ್ ಬರುತ್ತದೆ. ಕೊನೆಗೆ 25ರಲ್ಲಿ ಓಡಿಸಿ ಮೂಲ ಧ್ವನಿ ಕೂರಿಸಿ. ಆರರ ಗೀಟು, ಟೂಸ್, ಥ್ರೀಸ್ ಎಲ್ಲ ಉಳಿಯುತ್ತವೆ. ವಿಡಿಯೊ ಗೇಮುಗಳಿಗಾದರೆ ಸೆಕೆಂಡಿಗೆ 60 ಟಿಕ್ಕಿನ ಲೆಕ್ಕದಲ್ಲಿ ಚಿತ್ರಕ್ಕೆ 5 ಟಿಕ್ ಹಿಡಿದರೆ ಅದೇ 12 ಸಿಗುತ್ತದೆ.

ನಡಿಗೆಯ ಸೈಕಲನ್ನು ಜಿಫ್ ಮಾಡುವವರಿಗೆ: ಜಿಫ್ ಸೆಕೆಂಡಿನ ನೂರನೇ ಭಾಗದಲ್ಲಿ ಮಾತ್ರ ಎಣಿಸುತ್ತದೆ. 12 ಚಿತ್ರಕ್ಕೆ ಬೇಕಾದದ್ದು 8.33, ಸಿಗುವುದು 8 ಅಥವಾ 9. ಎಲ್ಲಕ್ಕೂ 8 ಕೊಟ್ಟರೆ ನಡಿಗೆ ಶೇಕಡಾ 4ರಷ್ಟು ಚುರುಕಾಗುತ್ತದೆ, ಹೆಚ್ಚಿನವರು ಗಮನಿಸುವುದಿಲ್ಲ. ಕರಾರುವಾಕ್ಕಾಗಿ ಬೇಕಿದ್ದರೆ 8, 8, 9 ಎಂದು ಮೂರು ಚಿತ್ರಕ್ಕೊಮ್ಮೆ ತಿರುಗಿಸಿ, ಒಟ್ಟು 25, ಕಾಲು ಸೆಕೆಂಡು ಸರಿಯಾಗಿ ಸಿಗುತ್ತದೆ. 1 ಅಥವಾ 0 ಕೊಟ್ಟು ವೇಗ ಹೆಚ್ಚಿಸಲು ಹೋಗಬೇಡಿ, ಬ್ರೌಸರುಗಳು ಅದನ್ನು 10 ಎಂದು ಓದಿ ನಡಿಗೆಯನ್ನು ಇನ್ನೂ ನಿಧಾನ ಮಾಡುತ್ತವೆ.